ಬ್ಯಾಟರ್ ಚೌಕದ ಮುಂದಿನ ಗೆರೆ

ಸುಣ್ಣದ ಒಂದು ಬಿಳಿ ಗೆರೆ. ಅದರಾಚೆ ಮಣ್ಣಿನಲ್ಲಿ ಮೂಡಿದ ಒಂದು ಬೂಟಿನ ಗುರುತು. ಸಾಫ್ಟ್‌ಬಾಲ್ ಮೈದಾನದ ಕಡೆ ಹೋಗುವುದನ್ನು ಬಿಟ್ಟು ಎಷ್ಟೋ ಕಾಲವಾದ ಮೇಲೂ ನನ್ನ ಕಣ್ಣ ಮುಂದೆ ಮೊದಲು ಬರುವುದು ಇವೇ. ಚೆಂಡಲ್ಲ, ಗೆದ್ದವರ ಕೂಗಲ್ಲ.

ನಿಯಮ ಹೇಳುವುದಕ್ಕೆ ಸುಲಭ. ಬ್ಯಾಟ್ ಹಿಡಿದವಳು ತನಗಾಗಿ ಎಳೆದ ಚೌಕದೊಳಗೆ ಇದ್ದುಕೊಂಡು ಹೊಡೆಯಬೇಕು. ಬ್ಯಾಟು ಚೆಂಡಿಗೆ ತಾಗುವ ಗಳಿಗೆಯಲ್ಲಿ ಅವಳ ಪಾದ ಪೂರ್ತಿಯಾಗಿ ಗೆರೆಯಾಚೆ ಊರಿದ್ದರೆ ಔಟ್. ಹಿಮ್ಮಡಿಯ ಅಂಚು ಗೆರೆಯನ್ನು ಮುಟ್ಟಿಕೊಂಡಿದ್ದರೂ ಸಾಕು, ಬಚಾವು. ಆದರೆ ಚೆಂಡು ಇರುವುದು ಸೊಂಟದ ಎತ್ತರದಲ್ಲಿ, ಪಾದ ಇರುವುದು ನೆಲದಲ್ಲಿ. ಎರಡನ್ನೂ ಒಟ್ಟಿಗೆ ನೋಡಬೇಕಾದ ಅಂಪೈರಿಗೆ ಇರುವುದು ಒಂದೇ ಜೊತೆ ಕಣ್ಣು. ನಾನು ಬೀಗ ಹಾಕಿದ ಬಾಗಿಲನ್ನು ಮತ್ತೆ ಎಳೆದು ನೋಡುವ ಸ್ವಭಾವದವಳು. ಅಂಪೈರ್ ಕೆಲಸ ನನಗೆ ಒಗ್ಗಿದ್ದೂ ಅದಕ್ಕೇ, ನನ್ನ ನಿದ್ದೆ ಕೆಡಿಸಿದ್ದೂ ಅದಕ್ಕೇ.

ಆ ದಿನ ಕಾಲೇಜು ಹುಡುಗಿಯರ ಫೈನಲ್. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಶಾಮಿಯಾನದ ಕೆಳಗೆ ಕುಳಿತಿದ್ದರು. ಇಂದುಮತಿಗೆ ಅದು ಕಾಲೇಜಿನ ಕಡೆಯ ವರ್ಷ; ಆ ದಿನ ಅವರ ಕಣ್ಣಿಗೆ ಬೀಳದಿದ್ದರೆ ಮತ್ತೆ ಅವಕಾಶವಿರಲಿಲ್ಲ. ಎಡಗೈಯಲ್ಲಿ ಆಡುವ, ಕಡ್ಡಿಯಂಥ ಹುಡುಗಿ. ನಿಂತು ಹೊಡೆಯುವವಳೇ ಅಲ್ಲ. ಎದುರಿನಿಂದ ಎಸೆಯುವ ಪಿಚರ್ ಕೈಯಿಂದ ಚೆಂಡು ಬಿಟ್ಟೊಡನೆ ಮುಂದಕ್ಕೆ ಓಡತೊಡಗಿ, ಓಡುತ್ತಲೇ ಹೊಡೆದು, ಯಾರಾದರೂ ಚೆಂಡನ್ನು ಹೆಕ್ಕುವಷ್ಟರಲ್ಲಿ ಓಡಿ ಮುಟ್ಟಬೇಕಾದ ಮೊದಲ ಬೇಸಿನಲ್ಲಿರುತ್ತಿದ್ದಳು. ಅವಳ ಆಟವೆಲ್ಲ ಆ ಒಂದು ಹೆಜ್ಜೆಯಲ್ಲಿತ್ತು. ಹಿಂದಿನ ಪಂದ್ಯಗಳಲ್ಲಿ ಅದು ಗೆರೆಯ ಅಂಚಿನಲ್ಲೇ ಬೀಳುತ್ತಿದ್ದುದನ್ನು ನಾನು ನೋಡಿದ್ದೆ.

ಅಂದು ಮೊದಲ ಸಲವೇ ಅವಳು ಸೊಗಸಾಗಿ ಹೊಡೆದಳು. ಜನ ಎದ್ದು ನಿಂತರು. ನಾನು ಕೈಯೆತ್ತಿ, "ಔಟ್! ಕಾಲು ಗೆರೆ ದಾಟಿದೆ," ಎಂದೆ.

ಎರಡನೆಯ ಸಲವೂ ಅದೇ ಹೊಡೆತ, ಅದೇ ಹೆಜ್ಜೆ, ಅದೇ ತೀರ್ಪು. ಬೇಸಿನಿಂದ ವಾಪಸು ಬಂದ ಇಂದುಮತಿಯ ಮುಖ ಕೆಂಪಾಗಿತ್ತು.

"ಮೇಡಂ, ನಾನು ದಿನಾ ಹಾಕೋ ಹೆಜ್ಜೇನೇ ಇದು."

ಅವಳ ಕೋಚ್ ಕಾಳಿಂಗಪ್ಪ ಓಡಿ ಬಂದರು. "ಏನ್ ಮೇಡಂ, ನಮ್ಮ ಹುಡುಗಿ ಮೇಲೇ ಕಣ್ಣಾ ನಿಮ್ಗೆ?"

"ಕಣ್ಣು ಗೆರೆ ಮೇಲಿದೆ ಸರ್. ನೀವೇ ನೋಡಿ."

ಬೂಟಿನ ಗುರುತು ಗೆರೆಯಾಚೆ ಸ್ಪಷ್ಟವಾಗಿ ಬಿದ್ದಿತ್ತು. ಕಾಳಿಂಗಪ್ಪ ಅದನ್ನು ನೋಡಿ ಇಂದುಮತಿಯ ಮೇಲೆ ತಿರುಗಿದರು. "ಕಾಲು ಹಿಡಿತದಲ್ಲಿ ಇಟ್ಕೋ ಅಂತ ಎಷ್ಟು ಬಡ್ಕೊಂಡೆ ನಿಂಗೆ! ದೊಡ್ಡೋರು ಕೂತಿರೋ ದಿನಾನೇ ಬೇಕಿತ್ತಾ ಈ ಆಟ?"

ಆಮೇಲೆ ಎದುರು ತಂಡದ ಹುಡುಗಿಯೊಬ್ಬಳು, ಯಾವತ್ತೂ ಗೆರೆಯ ಹತ್ತಿರಕ್ಕೂ ಹೋಗದವಳು, ಹಾಗೆಯೇ ದಾಟಿದಳು. ಅವಳಿಗೂ ಔಟ್ ಕೊಟ್ಟೆ. ಈಗ ಎರಡೂ ಕಡೆಯವರು ಒಂದಾಗಿ ನನ್ನನ್ನು ಹಿಡಿದುಕೊಂಡರು.

"ಚೆಂಡು ನೋಡ್ರೀ ಅಂಪೈರಮ್ಮಾ, ಬೂಟು ಆಮೇಲೆ ಕೊಂಡ್ಕೊಳ್ಳೋರಂತೆ!"

ಗುಂಪಿನಲ್ಲಿ ಯಾರೋ ಕೂಗಿದರು, ಉಳಿದವರು ನಕ್ಕರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ಕಂಡದ್ದನ್ನೇ ಹೇಳುತ್ತಿದ್ದೆ, ಸರಿಯಾಗಿ ಹೇಳುತ್ತಿದ್ದೆ, ಆದರೂ ಏನೋ ಸರಿಯಿಲ್ಲ ಎಂದು ಒಳಗೆ ಚುಚ್ಚುತ್ತಿತ್ತು. ಅದು ಏನೆಂದು ಕೈಗೆ ಸಿಗುತ್ತಿರಲಿಲ್ಲ.

ಇಂದುಮತಿ ಮೂರನೆಯ ಸಲ ಬರುವ ಮೊದಲು ಚೌಕದ ಪಕ್ಕದಲ್ಲಿ ನೆಲಕ್ಕೆ ಹೂತ ಬಿಳಿ ಪ್ಲೇಟಿನ ಮೇಲಿನ ಮಣ್ಣು ಗುಡಿಸಲು ಬ್ರಷ್ ಹಿಡಿದು ಬಗ್ಗಿದೆ. ಆಗ ಕಂಡಿತು. ಚೌಕದ ಹಿಂದಿನ ಗೆರೆ ಬೆಳಗ್ಗೆ ಎಳೆದ ಹಾಗೇ ಇತ್ತು. ಯಾವ ಪಂದ್ಯದಲ್ಲೂ ಮೊದಲು ಅಳಿಸುವುದು ಅದೇ. ಬಂದವಳೆಲ್ಲ ಅಲ್ಲಿ ಬೂಟಿನಿಂದ ಕೆದಕಿ, ಗುಳಿ ಮಾಡಿ, ಕಾಲೂರುತ್ತಾಳೆ. ಅಂದು ಕೆದಕಿದ ಗುಳಿ ಇತ್ತು, ಆದರೆ ಗೆರೆಗಿಂತ ಒಂದು ಪಾದದಷ್ಟು ಒಳಗೆ. ಹುಡುಗಿಯರು ಪ್ಲೇಟನ್ನು ನೋಡಿ ನಿಲ್ಲುತ್ತಿದ್ದರು. ಗೆರೆಯನ್ನು ನೋಡುತ್ತಿದ್ದವಳು ನಾನೊಬ್ಬಳೇ.

ನೆಲದಲ್ಲಿದ್ದ ಬ್ಯಾಟನ್ನು ತೆಗೆದು, ಪ್ಲೇಟಿನ ನಡುವಿನ ನೇರಕ್ಕೆ ಹಿಡಿಯಿಟ್ಟು ಪಿಚರ್ ಕಡೆಗೆ ಮಲಗಿಸಿದೆ. ಮುಂದಿನ ಗೆರೆ ಬ್ಯಾಟಿನ ತುದಿಗಿಂತ ಒಂದು ಗೇಣಿನ ಮೇಲೆ ಮುಂದಿರಬೇಕು. ತುದಿಯ ಪಕ್ಕದಲ್ಲೇ ಇತ್ತು.

ಪಂದ್ಯಾವಳಿಯ ಹಿರಿಯರಾದ ಜಿನದತ್ತ ಸರ್ ಛತ್ರಿ ಹಿಡಿದು ಬಂದರು. "ಏನಮ್ಮ, ಬ್ಯಾಟನ್ನ ಮಲಗಿಸಿ ಜೋಗುಳ ಹಾಡ್ತಿದೀಯಾ?"

"ಚೌಕ ಹಿಂದುಮುಂದಾಗಿದೆ ಸರ್. ಮುಂದೆ ಇರಬೇಕಾದ್ದು ಹಿಂದಕ್ಕೆ ಹೋಗಿದೆ."

ಚೌಕ ಎಳೆಯಲು ನಮ್ಮಲ್ಲಿ ಒಂದು ಕಬ್ಬಿಣದ ಚೌಕಟ್ಟಿತ್ತು. ಅದರ ಅಡ್ಡಪಟ್ಟಿ ಪ್ಲೇಟಿನ ನಡುವಿನ ನೇರಕ್ಕೆ ಬರುವಂತೆ ನೆಲಕ್ಕಿಟ್ಟು ಅಂಚಿನಗುಂಟ ಸುಣ್ಣ ಉದುರಿಸುವುದು. ಪಟ್ಟಿಯಿಂದ ಒಂದು ತುದಿ ಇನ್ನೊಂದಕ್ಕಿಂತ ಒಂದು ಪಾದ ಹೆಚ್ಚು ದೂರ. ಕೆಂಪು ಬಟ್ಟೆ ಕಟ್ಟಿದ ಆ ದೂರದ ತುದಿ ಪಿಚರ್ ಕಡೆಗಿರಬೇಕು, ಅಷ್ಟೇ ಲೆಕ್ಕ. ತರಿಸಿ ನೋಡಿದೆವು. ಫೈನಲ್‌ಗೆಂದು ಚೌಕಟ್ಟಿಗೆ ಹೊಸದಾಗಿ ನೀಲಿ ಬಣ್ಣ ಹೊಡೆಸಿದ್ದರು. ಬಣ್ಣಕ್ಕೆಂದು ಬಿಚ್ಚಿದ ಬಟ್ಟೆಯನ್ನು ಒಣಗಿದ ಮೇಲೆ ಇನ್ನೊಂದು ತುದಿಗೆ ಕಟ್ಟಿಬಿಟ್ಟಿದ್ದರು.

ಜಿನದತ್ತ ಸರ್ ಆ ಗಂಟನ್ನು ಮುಟ್ಟಿ ನೋಡಿದರು. "ಚೆಂದ ಕಾಣ್ಲಿ ಅಂತ ನಾನೇ ಹೊಡೆಸಿದ್ದು," ಎಂದರು. ಆಮೇಲೆ ದನಿ ತಗ್ಗಿಸಿ, "ಇದೊಂದು ಪಂದ್ಯ ಹೀಗೇ ಮುಗಿಸಿಬಿಡಮ್ಮ. ಈಗ ಹೇಳಿದ್ರೆ ಬೆಳಗ್ಗಿನಿಂದ ಔಟಾದೋರೆಲ್ಲ ಬಂದು ಮೇಲೆ ಬೀಳ್ತಾರೆ."

"ಬೀಳಲಿ ಸರ್. ಗೊತ್ತಿದ್ದೂ ಈ ಗೆರೆ ನೋಡಿ ನಾನು ಔಟ್ ಕೊಡಲಾರೆ."

ಹೊಸ ಗೆರೆ ಬಿತ್ತು. ಹಳೆಯದನ್ನು ಪೊರಕೆಯಿಂದ ಗುಡಿಸಿದರು. ಆದರೆ ಕೊಟ್ಟ ತೀರ್ಪುಗಳು ಕೊಟ್ಟವೇ. ಇಂದುಮತಿಯ ಎರಡು ಹೊಡೆತಗಳನ್ನು ವಾಪಸು ತರುವ ದಾರಿ ನಿಯಮದಲ್ಲಿರಲಿಲ್ಲ. ಅವಳ ತಂಡ ಒಂದು ರನ್ ಹಿಂದಿತ್ತು. ಇವಳು ಹೊಡೆದರೆ ಓಡಿಬಂದು ಸಮ ಮಾಡಲು ಮೂರನೆಯ ಬೇಸಿನಲ್ಲಿ ಗೆಳತಿ ಕಾಯುತ್ತಿದ್ದಳು. ಇನ್ನೊಂದು ಔಟಾದರೆ ಪಂದ್ಯ ಮುಗಿಯುತ್ತಿತ್ತು.

ಅವಳು ಚೌಕದೊಳಗೆ ಬಂದಾಗ ಅಂಪೈರ್ ಆಡಬಾರದಷ್ಟು ಮಾತಾಡಿದೆ. "ಗೆರೆ ಈಗ ಸರಿಯಿದೆ. ನಿನ್ನ ಹೆಜ್ಜೆ ನೀನು ಹಾಕು."

ಅವಳು ನನ್ನತ್ತ ನೋಡಲಿಲ್ಲ. ಹೊಸ ಸುಣ್ಣವನ್ನು ನೋಡುತ್ತ, "ಈ ಸಲ ನಿಜವಾಗ್ಲೂ ಅಲ್ಲೇ ಇದೆಯಾ ಮೇಡಂ?" ಎಂದಳು. ವ್ಯಂಗ್ಯವಿರಲಿಲ್ಲ. ಕೇಳುತ್ತಿದ್ದಳು, ಅಷ್ಟೇ.

"ಅಲ್ಲೇ ಇದೆ."

ಚೆಂಡು ಬಂತು. ಅವಳು ಓಡತೊಡಗಿದಳು. ನಾನು ಅವಳ ಪಾದವನ್ನೇ ನೋಡುತ್ತಿದ್ದೆ, ಹಾಕು, ಹಾಕು ಎಂದು ಮನಸ್ಸಿನಲ್ಲಿ ಅನ್ನುತ್ತ. ಗಾಳಿಯಲ್ಲಿದ್ದ ಪಾದ ಯಾರೋ ಹಿಡಿದೆಳೆದ ಹಾಗೆ ಮೊಟಕಾಗಿ ಕೆಳಗಿಳಿಯಿತು. ಮೈ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಉರುಳಿಕೊಂಡು ನೇರ ಪಿಚರ್ ಕೈಗೆ ಹೋಯಿತು. ಅವಳು ಮೊದಲ ಬೇಸ್ ತಲುಪುವ ಮೊದಲೇ ಚೆಂಡು ಅಲ್ಲಿತ್ತು. ಔಟ್, ಪಂದ್ಯ ಮುಗಿದಿತ್ತು.

ಸಂಜೆ ಓದಿದ ಆಯ್ಕೆಯಾದವರ ಹೆಸರುಗಳಲ್ಲಿ ಅವಳದಿರಲಿಲ್ಲ. ಜಿನದತ್ತ ಸರ್ ಚೌಕಟ್ಟನ್ನು ಗೋಡೆಗೆ ಒರಗಿಸಿ, ಕೆಂಪು ಬಟ್ಟೆಯನ್ನು ಸರಿಯಾದ ತುದಿಗೆ ಬಿಗಿಯಾಗಿ ಕಟ್ಟುತ್ತಿದ್ದರು.

ನಾನು ಪ್ಲೇಟಿನ ಬಳಿ ಒಬ್ಬಳೇ ನಿಂತಿದ್ದೆ. ಅವಳ ಕಡೆಯ ಹೆಜ್ಜೆಯ ಗುರುತು ಇನ್ನೂ ಇತ್ತು. ಬೂಟಿನ ಮೂತಿ, ಗುಡಿಸಿಹಾಕಿದ ಹಳೆಯ ಗೆರೆ ಇದ್ದಲ್ಲಿಗೆ ಸರಿಯಾಗಿ ನಿಂತಿತ್ತು. ಅದರಾಚೆ ಒಂದು ಪಾದ ಹಿಡಿಸುವಷ್ಟು ಬರಿಯ ಮಣ್ಣು. ಅದರಾಚೆ, ಯಾರೂ ತುಳಿಯದ, ಹೊಸ ಸುಣ್ಣದ ಬಿಳಿ ಗೆರೆ.