ನಲವತ್ತೆರಡು ಸೆಂಟಿಮೀಟರ್

ಡಬ್ಬಿಯಿಂದ ಕನ್ನಡಕ ತೆಗೆಯುವಾಗ ಅದರಡಿ ಬೆರಳಗಲದ ಕಾಗದದ ಪಟ್ಟಿಯೊಂದು ಸಿಕ್ಕಿತು. ಕನ್ನಡಕವಿಲ್ಲದ ಅಪ್ಪನ ಮುಖ ಯಾರದೋ ಮುಖದಂತಿತ್ತು. ಹೆಣ ಎತ್ತುವ ಮೊದಲು ಹಾಕಿಬಿಡೋಣವೆಂದು ಮಗಳು ಬಂದಿದ್ದಳು. ಪಟ್ಟಿಯ ಮೇಲೆ ಅಪ್ಪನ ಮುತ್ತಿನಂಥ ಅಕ್ಷರ: "ಎತ್ತರ ಅಳೆಯಲು ನಾವು ಹಿಡಿದ ಸಮುದ್ರಮಟ್ಟ ಬೇರೆ. ನಿಮ್ಮ ಅಳತೆಗೆ ತರಲು ಪ್ರತಿ ಎತ್ತರಕ್ಕೂ ನಲವತ್ತೆರಡು ಸೆಂಟಿಮೀಟರ್ ಕೂಡಿಸಿಕೊಳ್ಳಿ."

ಬಾಗಿಲಲ್ಲಿ ಅಪ್ಪ ದುಡಿದ ನಕ್ಷೆ ಕಚೇರಿಯ ನಿವೃತ್ತ ಸಾಹೇಬರು ಯಾರಿಗೋ ಹೇಳುತ್ತಿದ್ದರು: "ಚಿನ್ನದಂಥ ಮನುಷ್ಯ. ಹೇಳಿದ ಕೆಲಸಕ್ಕೆ ಒಂದಿನಾನೂ ಯಾಕೆ ಅಂದೋನಲ್ಲ."

ಅವರನ್ನು ದಾಟಿ ಮುದುಕರೊಬ್ಬರು ಒಳಬಂದರು. ಕಂಕುಳಲ್ಲಿ ಸುತ್ತಿದ ಹಾಳೆ.

"ಹೊಳೆ ಆಚೆ ದೇಶದೋನಮ್ಮ ನಾನು. ನಮ್ಮೂರ ತಡೆಗೋಡೆ ಕಟ್ಟಿದ ಎಂಜಿನಿಯರು. ಎರಡೂ ಸರ್ಕಾರ ಕೂಡಿ ಪ್ರವಾಹದ ಯೋಜನೆ ಮಾಡಿದಾಗ ನಿಮ್ಮಪ್ಪ ಈ ನಕ್ಷೆ ಕಳಿಸಿದ್ರು. ಇದರಲ್ಲಿದ್ದ ನೀರಿನ ಮಟ್ಟಾನೇ ನಂಬಿ ಕಟ್ದೆ. ಗೋಡೆ ಮೇಲೆ ನೀರು ಬಂತು. ಮೂವತ್ತೊಂದು ಜನ ಹೋದ್ರು."

ಮಗಳು ಪಟ್ಟಿಯಿದ್ದ ಮುಷ್ಟಿ ಬಿಗಿ ಮಾಡಿದಳು.

"ಹಾಳೇಲಿ ಸೂಚನೆ ಇತ್ತು, ನೀನೇ ಕಿತ್ತು ಬಿಸಾಕಿದೀಯ ಅಂತ ಏಳು ವರ್ಷ ಒಳಗೆ ಹಾಕಿದ್ರು. ನನ್ನ ಮಗನೂ ಹಾಗೇ ಅಂದ್ಕೊಂಡಿದಾನೆ. ನಿಮ್ಮಪ್ಪನಿಗೆ ಎಷ್ಟು ಕಾಗದ ಬರೆದ್ರೂ ಉತ್ತರ ಬರಲಿಲ್ಲ. ಒಂದ್ಸಲ ಎದುರು ಕೂತು ಕೇಳೋಣ ಅಂತ ಬಂದೆ. ನೋಡಿದ್ರೆ..."

\*

ಬೇಸಿಗೆ ರಜೆ. ಅವಳಿಗೆ ಒಂಬತ್ತು ವರ್ಷ. ಊಟದ ಡಬ್ಬಿ ಕೊಡಲು ಕಚೇರಿಗೆ ಹೋದಾಗ ಸಾಹೇಬರು ಅಪ್ಪನ ಮೇಜಿನ ಮುಂದೆ ನಿಂತಿದ್ದರು.

"ನಮ್ಮ ಲೆಕ್ಕದ ಗುಟ್ಟು ಹೊರಗಿನೋರಿಗ್ಯಾಕ್ರೀ? ಆ ಸೂಚನೆ ಕತ್ತರಿಸಿ ಕಳಿಸಿ."

ಅಪ್ಪ ತಲೆ ತಗ್ಗಿಸಿದ. ಸಾಹೇಬರು ಹೋದ ಮೇಲೆ, "ಪುಟ್ಟಿ, ನಿನ್ನ ಕತ್ತರಿ ಕೊಡು" ಎಂದ. ಬೊಂಬೆ ಕತ್ತರಿಸಲು ಅವಳು ಸದಾ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ಆ ಕತ್ತರಿಯ ಅಲಗಿನ ತುದಿ ಮುರಿದಿತ್ತು. ಏನು ಕತ್ತರಿಸಿದರೂ ಕೊನೆಯಲ್ಲಿ ಕಾಗದ ಕಚ್ಚಿ ಹರಿಯುತ್ತಿತ್ತು.

"ಯಾಕಪ್ಪಾ ಕತ್ತರಿಸ್ತಿದೀಯ?"

"ಅಂಚು ನೀಟಾಗಿಲ್ಲ ಮಗಳೇ."

ಆ ದಿನ ಅಪ್ಪ ಊಟ ಮಾಡಲಿಲ್ಲ. ಡಬ್ಬಿ ಹಾಗೇ ಮನೆಗೆ ಬಂದಿತ್ತು.

\*

"ಇವತ್ತು ಇದೆಲ್ಲಾ ಬೇಡ್ರೀ," ಸಾಹೇಬರು ಒಳಬಂದರು. "ಹೆಣ ಇನ್ನೂ ಮನೇಲಿದೆ. ಅಪ್ಪನ ಮರ್ಯಾದೆ ನೋಡಮ್ಮ."

ಅವಳು ಅಪ್ಪನ ಮುಖ ನೋಡಿದಳು. ಸುಡಲಾರದೆ ಇಟ್ಟುಕೊಂಡೆ, ಕೊಡಲಾರದೆ ಸತ್ತೆಯಲ್ಲಪ್ಪಾ.

ಮುದುಕರಿಂದ ನಕ್ಷೆ ಈಸಿಕೊಂಡು ಅಪ್ಪನ ಮಂಚದ ಅಂಚಿನಲ್ಲಿ ಬಿಡಿಸಿ, ಅದರ ಬುಡಕ್ಕೆ ಪಟ್ಟಿಯನ್ನು ತಾಗಿಸಿಟ್ಟಳು. ಕೊನೆಯ ಹರಕಿಗೆ ಹರಕು ಕೂಡಿಕೊಂಡಿತು.

ಮುದುಕರು ಎರಡು ಸಲ ಓದಿದರು. ಸಾಹೇಬರು ಚಪ್ಪಲಿ ಹುಡುಕಿಕೊಂಡು ಹೊರಟಿದ್ದರು.

"ನಲವತ್ತೆರಡು ಸೆಂಟಿಮೀಟರ್ ಅಂದ್ರೆ ಎಷ್ಟೆತ್ತರ ಆಗತ್ತೆ?" ಮಗಳು ಕೇಳಿದಳು.

ಮುದುಕರು ಕಷ್ಟಪಟ್ಟು ಬಗ್ಗಿ, ನೆಲಕ್ಕೆ ಅಂಗೈಯಿಟ್ಟು ಮೆಲ್ಲಗೆ ಮೇಲೆತ್ತಿದರು. ಅಪ್ಪ ಮಲಗಿದ್ದ ಮಂಚದ ಹಲಗೆಯ ಮಟ್ಟಕ್ಕೆ ಬಂದು ಕೈ ನಿಂತಿತು.