ಕಾವಿನ ಪೆಟ್ಟಿಗೆ

1994ರ ಮಾರ್ಚಿನಲ್ಲಿ ಶಿವಕಾಂತಾ ಗುಲಬರ್ಗಾದಿಂದ ಅಫಜಲಪುರಕ್ಕೆ ಬಸ್ಸಿನಲ್ಲಿ ಬರುವಾಗ ಟವೆಲಿನಲ್ಲಿ ಸುತ್ತಿದ ಒಂದು ಹಸಿರು ಬೋರ್ಡನ್ನು ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಅವಳದು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷ. ಪ್ರಾಜೆಕ್ಟ್ ಮಾಡಲೆಂದು ಲೆಕ್ಚರರು ಬೋರ್ಡನ್ನು ಮನೆಗೆ ಒಯ್ಯಲು ಬಿಟ್ಟಿದ್ದರು. ಅದರ ನಡುವೆ 8031 ಎಂಬ ಮೈಕ್ರೋಕಂಟ್ರೋಲರ್ ಚಿಪ್ಪು, ಪಕ್ಕದಲ್ಲಿ ಕ್ಯಾಲ್ಕುಲೇಟರಿನಂಥ ಗುಂಡಿಗಳು. ಗುಂಡಿ ಒತ್ತಿ ಆಜ್ಞೆಗಳನ್ನು ತುಂಬಿದರೆ ಚಿಪ್ಪು ಅವನ್ನು ಒಂದರ ಹಿಂದೊಂದು ಪಾಲಿಸುತ್ತಿತ್ತು.

ಕ್ಲಾಸಿನವರೆಲ್ಲ ಟ್ರಾಫಿಕ್ ಸಿಗ್ನಲ್ ಮಾಡುತ್ತಿದ್ದರು. ಇವಳೂ ಅದನ್ನೇ ಮಾಡಿದಳು. ಕೆಂಪು, ಹಳದಿ, ಹಸಿರು ದೀಪಗಳು ಪಡಸಾಲೆಯಲ್ಲಿ ಹೊತ್ತಿ ಆರತೊಡಗಿದಾಗ ಪಕ್ಕದ ಮನೆಯ ಖುರ್ಷಿದ ಗೋಡೆಯ ಮೇಲಿಂದ ಇಣುಕಿ ನೋಡಿದಳು. ಅವಳ ಗಂಡ ಸೊಲ್ಲಾಪುರದ ಮಿಲ್ಲಿನಲ್ಲಿದ್ದ. ಅವಳು ಇಲ್ಲಿ ಹಿತ್ತಲಲ್ಲಿ ಕೋಳಿ ಸಾಕಿಕೊಂಡಿದ್ದಳು.

"ಛಲೋ ಅದ. ಗಾಡಿ ಬಂದ್ರ ಇದಕ್ಕ ಗೊತ್ತಾಗ್ತದೇನು?"

"ಇಲ್ಲಕ್ಕ. ಟೈಮ್ ಆದ್ರ ಬಣ್ಣ ಬದಲಿ ಮಾಡ್ತದ, ಅಷ್ಟೇ."

"ಗಾಡಿ ಇರ್ಲಿ ಬಿಡ್ಲಿ?"

"ಇರ್ಲಿ ಬಿಡ್ಲಿ."

"ಹಂಗಾದ್ರ ಕುರುಡದ ಪಾಪ" ಎಂದು ಖುರ್ಷಿದ ನಕ್ಕು ಒಳಗೆ ಹೋದಳು.

ಆ ಮಾತು ಶಿವಕಾಂತಾಳ ತಲೆಯಲ್ಲಿ ಉಳಿಯಿತು. ಚಿಪ್ಪಿಗೆ ಬೇರೆ ಬಗೆಯ ಆಜ್ಞೆಗಳೂ ತಿಳಿಯುತ್ತವೆಂದು ಪಾಠದಲ್ಲಿ ಓದಿದ್ದಳು. ಎರಡು ಸಂಖ್ಯೆಗಳನ್ನು ಹೋಲಿಸು. ಇದು ಚಿಕ್ಕದಾದರೆ ಅಲ್ಲಿಗೆ ಜಿಗಿ, ಇಲ್ಲವಾದರೆ ಮುಂದಿನ ಸಾಲಿಗೆ ನಡೆ. ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆದಿದ್ದಳು. ಆದರೆ ಒಂದು ಯಂತ್ರ ನಿಜವಾಗಿ ದಾರಿ ಆರಿಸಿಕೊಳ್ಳುವುದನ್ನು ಕಣ್ಣಾರೆ ನೋಡಿರಲಿಲ್ಲ. ಯಾವುದನ್ನು ನೋಡಿ ಆರಿಸಿಕೊಳ್ಳಬೇಕು? ಅಫಜಲಪುರದಲ್ಲಿ ಸಿಗ್ನಲ್ ಕಂಬವೇ ಇರಲಿಲ್ಲ.

ಮರುದಿನ ಖುರ್ಷಿದಳ ಹಿತ್ತಲಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಅವಳು ಹೊಸದಾಗಿ ತಂದ ಬಿಳಿ ಕೋಳಿಗಳು ದಿನಾಲೂ ತತ್ತಿ ಇಡುತ್ತಿದ್ದವು. ಆದರೆ ಕಾವಿಗೆ ಮಾತ್ರ ಕೂಡುತ್ತಿರಲಿಲ್ಲ. ಮೊಟ್ಟೆಯಿಟ್ಟು ಎದ್ದರೆ ಮುಗಿಯಿತು, ತಿರುಗಿ ನೋಡುತ್ತಿರಲಿಲ್ಲ. ಕಾವಿಗೆ ಕೂಡುವುದು ಹಳೆಯ ಕರಿ ಕೋಳಿ ಒಂದೇ. ಅದರ ರೆಕ್ಕೆಯಡಿ ಎಷ್ಟು ತತ್ತಿ ಹಿಡಿದಾವು?

"ಕಾವು ಅಂದ್ರ ಎಷ್ಟು ಬಿಸಿ ಬೇಕಕ್ಕ?" ಶಿವಕಾಂತಾ ಕೇಳಿದಳು.

"ನನಗೇನು ಗೊತ್ತು ಬೇ? ಕೋಳಿಗಿ ಕೇಳು."

ಶಿವಕಾಂತಾ ಕರಿ ಕೋಳಿಯ ಕೊಕ್ಕಿನ ಪೆಟ್ಟು ತಿಂದು, ಅದರ ಹೊಟ್ಟೆಯಡಿ ಥರ್ಮಾಮೀಟರ್ ತೂರಿಸಿದಳು. ಮೂವತ್ತೇಳೂವರೆ ಡಿಗ್ರಿಯ ಆಸುಪಾಸು ತೋರಿಸಿತು.

ಕೋಳಿಯ ಬದಲು ಪೆಟ್ಟಿಗೆಯಿಂದಲೇ ಕಾವು ಕೊಡಿಸಲೆಂದು ಇಬ್ಬರೂ ಸೇರಿ ಚಹಾಪುಡಿಯ ಪ್ಲೈವುಡ್ ಪೆಟ್ಟಿಗೆಯೊಂದನ್ನು ತಂದು ಒಳಗೆಲ್ಲ ಥರ್ಮೋಕೋಲ್ ಅಂಟಿಸಿದರು. ಒಂದು ಬಲ್ಬು, ತೇವಕ್ಕೆ ಒಂದು ಬಟ್ಟಲು ನೀರು, ಉಷ್ಣತೆ ಅಳೆಯಲು ಬೆರಳುಗುರಿನಷ್ಟು ಸೆನ್ಸರು. ಕರೆಂಟು ಹೋದರೆ ಬೋರ್ಡು ಎಲ್ಲವನ್ನೂ ಮರೆಯುತ್ತಿತ್ತು. ಅದಕ್ಕೆಂದು ಸ್ಕೂಟರಿನ ಬ್ಯಾಟರಿ ಜೋಡಿಸಿದರು. ಶಿವಕಾಂತಾಳ ಅವ್ವ ಗುರಮ್ಮ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮನೆಯೊಳಗೆ ತತ್ತಿ ಬಂದದ್ದೇ ಇಲ್ಲ.

"ಲಿಂಗಪೂಜಿ ಮಾಡೋ ಕೈಲೆ ತತ್ತಿ ಮುಟ್ತೀಯಾ?"

"ತಿನ್ನಾಕಲ್ಲವ್ವಾ, ಹುಟ್ಸಾಕ."

ಗುರಮ್ಮ "ಪೆಟ್ಟಿಗಿ ಅವರ ಮನ್ಯಾಗೇ ಇರ್ಲಿ" ಎಂದಷ್ಟೇ ಹೇಳಿ ಒಳಗೆ ಹೋದಳು.

ಮೊದಲು ತತ್ತಿ ಇಡದೆ, ಬರೀ ಪೆಟ್ಟಿಗೆಯನ್ನು ಪರೀಕ್ಷಿಸಿದರು. ಪ್ರೋಗ್ರಾಮು ಸರಳವಾಗಿತ್ತು. ಮೂವತ್ತೇಳೂವರೆಗಿಂತ ಕಡಿಮೆಯಿದ್ದರೆ ಬಲ್ಬು ಹಚ್ಚುವ ಕಡೆ ಜಿಗಿ, ಇಲ್ಲವಾದರೆ ಆರಿಸುವ ಕಡೆ. ಬಲ್ಬು ಹೊತ್ತಿತು. ಬಿಸಿ ನಿಧಾನವಾಗಿ ಏರಿತು. ಗಡಿ ಮುಟ್ಟಿದ ಕೂಡಲೇ ಯಾರೂ ಕೈ ಹಚ್ಚದೆಯೇ ಬಲ್ಬು ಆರಿತು. ಖುರ್ಷಿದ ಚಪ್ಪಾಳೆ ತಟ್ಟಿದಳು. ಮರುಕ್ಷಣವೇ ಅದು ಮತ್ತೆ ಹೊತ್ತಿತು, ಆರಿತು, ಹೊತ್ತಿತು. ಬಲ್ಬಿನ ಸ್ವಿಚ್ಚಾಗಿದ್ದ ರಿಲೇ ಟಕಟಕನೆ ಬಡಿದುಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಬಲ್ಬು ಸುಟ್ಟೇ ಹೋಯಿತು.

"ಹುಚ್ಚ ಹಿಡೀತೇನು ಇದಕ್ಕ?" ಎಂದಳು ಖುರ್ಷಿದ.

ಹುಚ್ಚೇನೂ ಹಿಡಿದಿರಲಿಲ್ಲ. ಚಿಪ್ಪು ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸಲ ಹೋಲಿಸುತ್ತಿತ್ತು. ಗಡಿಯ ಮೇಲೆ ಕೂದಲೆಳೆಯಷ್ಟು ಬಿಸಿ ಆಚೀಚೆ ಆದರೂ ದಾರಿ ಬದಲಿಸುತ್ತಿತ್ತು. ಅದು ಹೇಳಿದ್ದನ್ನೇ ಮಾಡಿತ್ತು. ಹಾಗಾದರೆ ಹೇಳಿದ್ದರಲ್ಲೇ ಏನೋ ತಪ್ಪಿದೆ. ಏನದು?

ಶಿವಕಾಂತಾ ಮರುದಿನ ಬೆಳಿಗ್ಗೆ ಮಣೆ ಹಾಕಿಕೊಂಡು ಕರಿ ಕೋಳಿಯ ಎದುರು ಕೂತಳು. ಕೋಳಿ ಗಡಿಬಿಡಿ ಮಾಡಲಿಲ್ಲ. ಬಹಳ ಹೊತ್ತು ಕೂತೇ ಇತ್ತು. ಆಮೇಲೆ ಎದ್ದು ಮೈ ಕೊಡವಿ ಕಾಳು ಹೆಕ್ಕಿತು, ನೀರು ಕುಡಿಯಿತು, ಬೂದಿಯಲ್ಲಿ ಹೊರಳಿತು. ತತ್ತಿಗಳು ಒಂದಿಷ್ಟು ಆರಿದವು. ಅದು ಓಡಿ ಬರಲಿಲ್ಲ. ತನ್ನ ಕೆಲಸ ಮುಗಿಸಿಯೇ ಬಂದು ಕೂತಿತು. ಶಿವಕಾಂತಾ ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಗೀಚಿದಳು. ಒಂದಲ್ಲ, ಎರಡು ಗೆರೆ. ಕೆಳಗಿನ ಗೆರೆಗಿಂತ ಇಳಿದರೆ ಹಚ್ಚು. ಮೇಲಿನ ಗೆರೆ ದಾಟಿದರೆ ಆರಿಸು. ನಡುವೆ ಇದ್ದರೆ?

"ನಡುವ ಇದ್ರ ಏನೂ ಮಾಡಬ್ಯಾಡ" ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು. "ಹೆಂಗಿದ್ಯೋ ಹಂಗೇ ಇರು."

ಪ್ರೋಗ್ರಾಮಿನ ಎರಡು ಕವಲು ಮೂರಾದವು. ಮೂರನೆಯದರಲ್ಲಿ ಬಲ್ಬಿನ ಹೆಸರೇ ಇರಲಿಲ್ಲ. ಹೊಸ ಬಲ್ಬು ಈಗ ಹೊತ್ತಿದರೆ ಸಾಕಷ್ಟು ಹೊತ್ತು ಉರಿದು, ಆರಿದರೆ ಸಾಕಷ್ಟು ಹೊತ್ತು ಆರಿರುತ್ತಿತ್ತು. ಬಿಳಿ ಕೋಳಿಗಳ ತತ್ತಿಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದರು. ಖುರ್ಷಿದ ಅವನ್ನು ಹೊತ್ತು ಹೊತ್ತಿಗೆ ಹೊರಳಿಸುತ್ತಿದ್ದಳು.

ಏಪ್ರಿಲ್ ಬಂತು. ಒಂದು ಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಓಡಾಡದ ಬಿಸಿಲಿನಲ್ಲಿ, ಖುರ್ಷಿದ ಗೋಡೆಯಾಚೆಯಿಂದ ಕೂಗಿದಳು. "ಶಿವಕಾಂತಾ! ಜಲ್ದಿ ಬಾ! ಬಲ್ಬ್ ಹತ್ತಿಲ್ಲ, ಖರೆ ಪೆಟ್ಟಿಗಿ ಕುದಿಯಾಕತ್ತದ!"

ಓಡಿ ಹೋಗಿ ನೋಡಿದರೆ ಪೆಟ್ಟಿಗೆಯ ಒಳಗೆ ನಲವತ್ತರ ಹತ್ತಿರ. ಬಲ್ಬು ಆರಿತ್ತು. ಹೊರಗಿನ ಗಾಳಿಯೇ ತತ್ತಿಗಿಂತ ಬಿಸಿಯಾಗಿತ್ತು. ಚಿಪ್ಪು ಆರಿದ ಬಲ್ಬನ್ನೇ ಮತ್ತೆ ಮತ್ತೆ ಆರಿಸುತ್ತ ಕೂತಿತ್ತು. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಪ್ರೋಗ್ರಾಮು ಬರೆಯುವಾಗ ಶಿವಕಾಂತಾ ಚಳಿಯನ್ನು ಮಾತ್ರ ನೆನೆದಿದ್ದಳು. ಬಿಸಿಲ ನಾಡಿನಲ್ಲೇ ಹುಟ್ಟಿ ಬೆಳೆದೂ ಬಿಸಿಲು ನೆನಪಾಗಿರಲಿಲ್ಲ.

"ಮುಚ್ಚಳ ತೆಗೀರಕ್ಕ. ಪೆಟ್ಟಿಗಿ ಒಳಗಿನ ಕೋಲಿಗಿ ಎತ್ರಿ."

ಇಬ್ಬರೂ ಅದನ್ನು ಎತ್ತಿ ಒಳಕೋಣೆಗೆ ಒಯ್ದರು. ಅಷ್ಟರಲ್ಲಿ ಗುರಮ್ಮ ಬಂದಳು. ಆ ಮನೆಯ ಹೊಸ್ತಿಲನ್ನು ಅವಳು ಅಪರೂಪಕ್ಕೆ ದಾಟುತ್ತಿದ್ದಳು. ಕೈಯಲ್ಲಿ ನೀರಿನ ಗಡಿಗೆಗೆ ಸುತ್ತುವ ಒದ್ದೆ ಗೋಣಿತಟ್ಟು ಹನಿ ಸೋರುತ್ತಿತ್ತು.

"ಇದನ್ನ ಕಟ್ರಿ. ಗಾಳಿ ಆಡಬೇಕು, ಅಂದ್ರ ತಣ್ಣಗಾಗ್ತದ."

ಗೋಣಿಯನ್ನು ಪೆಟ್ಟಿಗೆಯ ಒಂದು ಬದಿಗೆ ಇಳಿಬಿಟ್ಟು ಗುರಮ್ಮನೇ ಮೊರದಿಂದ ಬೀಸತೊಡಗಿದಳು. ಬಿಸಿ ಇಳಿಯಿತು. ಅವ್ವ ಬೀಸುತ್ತಿದ್ದಂತೆ ಮಗಳು ಪಕ್ಕದಲ್ಲಿ ಕೂತು ಹೊಸ ಕವಲೊಂದನ್ನು ತುಂಬಿದಳು. ಇನ್ನೂ ಮೇಲೊಂದು ಗೆರೆ, ಅದನ್ನೂ ದಾಟಿದರೆ ಫ್ಯಾನು ತಿರುಗಿಸು. ಹಳೆಯ ಜೀಪಿನ ಪುಟ್ಟ ಫ್ಯಾನೊಂದನ್ನು ಗ್ಯಾರೇಜಿನಿಂದ ತರಿಸಿ ಗೋಣಿಯ ಹಿಂದೆ ಕೂರಿಸಿದರು. ಬಿಸಿ ಏರಿದ ಕೂಡಲೇ ಅದು ಬುರ್ರನೆ ತಿರುಗಿತು. ಗುರಮ್ಮ ಮೊರವನ್ನು ಗಾಳಿಯಲ್ಲಿಯೇ ನಿಲ್ಲಿಸಿದಳು.

"ಇದಕ್ಕ ಯಾರು ಹೇಳಿದ್ರು?"

"ನಾ ಈಗ ಹೇಳಿದ್ನಲ್ಲವ್ವಾ."

"ಈಗ ಹೇಳಿಲ್ಲ. ಆಗ್ಲೇ ಹೇಳಿಟ್ಟಿದ್ದಿ" ಎಂದ ಗುರಮ್ಮ ಬಗ್ಗಿ ಬೋರ್ಡನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. "ನೀ ಇಲ್ಲದಾಗೂ ನೆನಪಿಟ್ಟು ಮಾಡ್ತದ. ಇಲ್ಲೇನು ಹಾಕೀದಿ, ಹೇಳು."

ಶಿವಕಾಂತಾ ಒಂದೊಂದು ಕವಲನ್ನೂ ಹೇಳುತ್ತ ಹೋದಳು. ಗುರಮ್ಮ ಮಧ್ಯೆ ಮಧ್ಯೆ "ಹಂಗ ಆಗದಿದ್ರ?" ಎಂದು ಕೇಳಿದಳು. ಕೆಲವಕ್ಕೆ ಶಿವಕಾಂತಾಳ ಬಳಿ ಉತ್ತರ ಇತ್ತು. ನೀರು ಬತ್ತಿದರೆ ಏನು ಎಂಬುದಕ್ಕೆ ಇರಲಿಲ್ಲ. ಆ ಕೆಲಸವನ್ನು ಖುರ್ಷಿದ ವಹಿಸಿಕೊಂಡಳು.

ಮೂರು ವಾರ ತುಂಬಿದ ಬೆಳಿಗ್ಗೆ ಒಂದು ತತ್ತಿಯಲ್ಲಿ ಬಿರುಕು ಕಂಡಿತು. ಒಳಗಿನಿಂದ ಸಣ್ಣ ಕಿಚಕಿಚ. ಶಿವಕಾಂತಾ ಸಿಪ್ಪೆ ಬಿಡಿಸಲು ಕೈಚಾಚಿದಾಗ ಖುರ್ಷಿದ ತಡೆದಳು. "ಬ್ಯಾಡ, ತಾನೇ ಬರ್ಲಿ." ಸಂಜೆಯೊಳಗೆ ಪೆಟ್ಟಿಗೆಯ ಅರ್ಧಕ್ಕಿಂತ ಹೆಚ್ಚು ತತ್ತಿಗಳು ಒಡೆದವು. ಉಳಿದವು ಒಡೆಯಲೇ ಇಲ್ಲ. ಬಿಸಿಲು ತಾಗಿದ ದಿನ ಕೆಟ್ಟವೋ, ಮೊದಲೇ ಜೀವವಿರಲಿಲ್ಲವೋ ತಿಳಿಯಲಿಲ್ಲ. ಶಿವಕಾಂತಾ ಅವನ್ನು ಹಿತ್ತಲಲ್ಲಿ ಹೂತಳು.

ಮೈ ಒಣಗಿದ ಮರಿಗಳನ್ನು ಮರುದಿನ ಅಂಗಳಕ್ಕೆ ಬಿಟ್ಟರು. ಗುರಮ್ಮ ನೋಡಲು ಬಂದು, ಒಂದೆರಡು ಹೆಜ್ಜೆ ಇಟ್ಟದ್ದೇ ತಡ, ಮರಿಗಳೆಲ್ಲ ಅವಳ ಸೀರೆಯ ಅಂಚಿನ ಹಿಂದೆ ಓಡಿದವು. ಅವಳು ನಿಂತರೆ ನಿಂತವು. ಎಡಕ್ಕೆ ತಿರುಗಿದರೆ ಎಡಕ್ಕೆ ಹೊರಳಿದವು.

"ಅಯ್ಯ, ಯಾಕ ನನ್ನ ಬೆನ್ನ ಹತ್ಯಾವ ಇವು?" ಎಂದಳು ಗುರಮ್ಮ, ಕಾಲು ಎಲ್ಲಿ ಊರಬೇಕೆಂದು ತಿಳಿಯದೆ.

"ನಿನ್ನನ್ನೇ ಅವ್ವ ಅಂದ್ಕೊಂಡಾವ ನೋಡು!" ಖುರ್ಷಿದ ನಗುತ್ತ ನೆಲಕ್ಕೇ ಕೂತುಬಿಟ್ಟಳು.

ಹಿಂದೆ ಓಡು ಎಂದು ಈ ಮರಿಗಳಿಗೆ ಶಿವಕಾಂತಾ ಯಾವ ಆಜ್ಞೆಯನ್ನೂ ಬರೆದಿರಲಿಲ್ಲ. "ಇನ್ನೊಂದು ಸಲ ನಡಿಯವ್ವಾ, ಮೆಲ್ಲಕ" ಎಂದು ಅವಳು ಕುಕ್ಕುರುಗಾಲಿನಲ್ಲಿ ಕೂತು ಮರಿಗಳನ್ನೇ ನೋಡತೊಡಗಿದಳು.