ತಣ್ಣಗೇ ಉಳಿದ ತಂತಿ

ಒಡಾಲ್ಮಿಸ್ ಫೆರೇರ್ ನಲವತ್ತು ವರ್ಷಗಳಿಂದ ಊರಿನ ರೇಡಿಯೊ, ಟೀವಿ, ಫ್ಯಾನುಗಳ ಹೊಟ್ಟೆ ಬಿಚ್ಚುತ್ತಾ ಬಂದವಳು. ಸಿಯೆನ್‌ಫ್ಯೂಗೋಸ್ ಕಡೆಯ ಆ ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಏನೇ ಕೆಟ್ಟರೂ ಮೊದಲು ತಟ್ಟುವುದು ಅವಳ ಬಾಗಿಲನ್ನೇ.

ಅವತ್ತು ಬೆಳಿಗ್ಗೆ ಪಕ್ಕದ ಮನೆಯ ಎವೆಲಿಯೊ ಕೆಸಾದ ತನ್ನ ಕಂಪ್ಯೂಟರನ್ನು ಕೂಸಿನ ಹಾಗೆ ಅಪ್ಪಿಕೊಂಡು ಬಂದ. ಮೂವತ್ತು ವರ್ಷ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡಿದ್ದವನು. ಕಾರ್ಖಾನೆ ಮುಚ್ಚಿ, ಕಬ್ಬಿಣವೆಲ್ಲ ಲಾರಿ ಹತ್ತಿ ಹೋದ ಮೇಲೆ ಅದನ್ನು ನೆನಪಿನಿಂದಲೇ, ಒಂದೊಂದು ನಟ್ಟು ಬೋಲ್ಟಿನ ಸಮೇತ, ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದ. ಚಿತ್ರ ದೊಡ್ಡದಾದಂತೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಸಮುದ್ರದಾಚೆ ಟ್ಯಾಂಪಾದಲ್ಲಿದ್ದ ಅವನ ತಂಗಿ ಅದಕ್ಕೆಂದೇ ಹಳೆಯ ಗ್ರಾಫಿಕ್ಸ್ ಕಾರ್ಡೊಂದನ್ನು ಕಳಿಸಿದ್ದಳು.

"ಈ ಕಾರ್ಡು ಆರು ತೂತಿನ ಪ್ಲಗ್ ಕೇಳತ್ತೆ ಕಣೇ. ನನ್ನ ಹಳೇ ಪವರ್ ಸಪ್ಲೈನಲ್ಲಿ ಇರೋದೆಲ್ಲ ನಾಲ್ಕರದ್ದೇ. ಅದಕ್ಕೇ ಈ ಅಡಾಪ್ಟರನ್ನೂ ಕಳ್ಸಿದಾಳೆ. ಎರಡು ನಾಲ್ಕರದ್ದು ಸೇರಿ ಒಂದು ಆರರದ್ದು."

"ಪವರ್ ಸಪ್ಲೈಗೆ ವಯಸ್ಸೆಷ್ಟು?"

"ನನ್ನ ಹಲ್ಲಿನ ಸೆಟ್ಟಿಗಿಂತ ಚಿಕ್ಕದು."

ಒಡಾಲ್ಮಿಸ್ ಕನ್ನಡಕ ಏರಿಸಿ ಪವರ್ ಸಪ್ಲೈ ಡಬ್ಬಿಯ ಮೇಲಿನ ಚೀಟಿ ಓದಿದಳು. ಹನ್ನೆರಡು ವೋಲ್ಟಿನ ಎದುರು ಹದಿನೆಂಟು ಆಂಪಿಯರ್ ಎಂದಿತ್ತು. "ಮುದುಕ ಗಟ್ಟಿ ಇದಾನೆ, ಹೊರ್ತಾನೆ," ಎಂದಳು. ಒಂದೇ ಕೇಬಲ್ಲಿನ ಮೇಲೆ ಭಾರ ಬೀಳದಿರಲೆಂದು ಅಡಾಪ್ಟರಿನ ಎರಡು ಬಾಲಗಳನ್ನು ಬೇರೆಬೇರೆ ಕೇಬಲ್ಲುಗಳಿಗೆ ಸಿಕ್ಕಿಸಿದಳು.

ಪರದೆ ಬೆಳಗಿತು. ಕಾರ್ಖಾನೆ ಬಂತು. ಎವೆಲಿಯೊ ಅದನ್ನು ಸುತ್ತ ತಿರುಗಿಸಿದ್ದೇ ತಡ, ಎಲ್ಲ ಕಪ್ಪಾಗಿ ಯಂತ್ರ ಮತ್ತೆ ಮೊದಲಿನಿಂದ ಶುರುವಾಯಿತು. ಮೂರು ಸಲ ಹೀಗೇ ಆಯಿತು.

"ಕಾರ್ಡು ಸತ್ತಿದೆ, ಬಿಡು," ಎಂದ ಅವನು, ಮುಖ ಸಣ್ಣದು ಮಾಡಿಕೊಂಡು.

"ಬಾಯ್ಮುಚ್ಚು. ಸತ್ತಿದ್ರೆ ಬೆಳಗ್ತಾನೇ ಇರ್ಲಿಲ್ಲ."

ಅವಳು ತಂತಿಗಳನ್ನು ಮುಟ್ಟಿ ನೋಡಿದಳು. ಅಡಾಪ್ಟರಿನ ಒಂದು ಬಾಲದ ಹಳದಿ ತಂತಿ ಬೆರಳು ಸುಡುವಷ್ಟು ಬಿಸಿ; ಇನ್ನೊಂದರದ್ದು ತಣ್ಣಗೆ. ಭಾರ ಇಬ್ಬರು ಹೊರಬೇಕಾದಲ್ಲಿ ಒಬ್ಬ ಯಾಕೆ ಸುಮ್ಮನೆ ನಿಂತಿದ್ದಾನೆ? ಬಾಲಗಳನ್ನು ಅದಲು ಬದಲು ಮಾಡಿ ಮತ್ತೆ ಓಡಿಸಿ ನೋಡಿದಳು. ಬಿಸಿಯೂ ಅದೇ ಬಾಲದ ಜೊತೆ ಹೋಯಿತು.

"ನೋಡಿದ್ಯಾ? ಮುದುಕಂದೂ ತಪ್ಪಿಲ್ಲ, ಕಾರ್ಡಿಂದೂ ಇಲ್ಲ. ಕಳ್ಳ ಈ ನಡುವಿನವನು."

ಅಷ್ಟರಲ್ಲಿ ಕರೆಂಟು ಹೋಯಿತು. ಬೀದಿಯುದ್ದಕ್ಕೂ ಬೈಗುಳ ಕೇಳಿಸಿತು. ಒಡಾಲ್ಮಿಸ್‌ಗೆ ಅದರ ಪರಿವೆಯೇ ಇಲ್ಲ. ಬಾಗಿಲ ಬೆಳಕಿಗೆ ಕುರ್ಚಿ ಎಳೆದುಕೊಂಡು, ತಣ್ಣಗಿನ ಪ್ಲಗ್ಗಿನ ಒಳಗಿಂದ ಹಿತ್ತಾಳೆಯ ಕೊಳವೆಯನ್ನು ಸೂಜಿಯಿಂದ ಹೊರತೆಗೆದಳು. ಹಳದಿ ತಂತಿಯ ಪ್ಲಾಸ್ಟಿಕ್ ಸುಲಿದೇ ಇರಲಿಲ್ಲ; ಲೋಹ ಬರೀ ಹೊದಿಕೆಯನ್ನು ಕಚ್ಚಿಕೊಂಡಿತ್ತು. ತಾಮ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

"ಅಯ್ಯೋ, ಇಷ್ಟೇನಾ?" ಎಂದ ಎವೆಲಿಯೊ.

"ಇಷ್ಟೇ. ಎಷ್ಟು ಚೆನ್ನಾಗಿ ಏಮಾರಿಸಿದೆ ನೋಡು!" ಅವಳ ದನಿಯಲ್ಲಿ ಮೆಚ್ಚುಗೆಯೇ ಇತ್ತು.

ಮಧ್ಯಾಹ್ನ ಕರೆಂಟು ಬಂದಾಗ ತಂತಿ ಸುಲಿದು ಬೆಸುಗೆ ಹಾಕಿದಳು. ಈ ಸಲ ಎರಡೂ ತಂತಿಗಳು ಒಂದೇ ಸಮ ಬೆಚ್ಚಗಿದ್ದವು. ಪರದೆಯ ಮೇಲೆ ಕಾರ್ಖಾನೆ ನಿಲ್ಲದೆ ತಿರುಗಿತು: ಕಬ್ಬು ಅರೆಯುವ ಉರುಳೆಗಳು, ಕೊಪ್ಪರಿಗೆಗಳು, ಕಬ್ಬಿಣದ ಮೆಟ್ಟಿಲು. ಹುಟ್ಟಿದಾಗಿನಿಂದ ಅದರ ಹೊಗೆ ಕುಡಿದಿದ್ದರೂ ಒಡಾಲ್ಮಿಸ್ ಗೇಟಿನಾಚೆ ಕಾಲಿಟ್ಟವಳಲ್ಲ. ಕುತ್ತಿಗೆ ಚಾಚಿ ಒಳಗೆ ಇಣುಕಿದಳು.

"ಬಾಯ್ಲರ್ ಹಿಂದೆ ಒಂದು ಬಾಗಿಲಿದೆಯಲ್ಲ, ಅದರಾಚೆ ಏನಿತ್ತೋ?"

ಎವೆಲಿಯೊ ತಲೆ ಕೆರೆದುಕೊಂಡ. "ದಿನಾ ಅದರ ಮುಂದೇನೇ ಓಡಾಡ್ತಿದ್ದೆ. ಒಂದಿನವೂ ತೆಗೆದು ನೋಡ್ಲಿಲ್ಲ ಕಣೇ."

"ಮೂವತ್ತು ವರ್ಷ! ಥೂ ನಿನ್ನ!" ಎಂದವಳೇ ಚಪ್ಪಲಿ ಮೆಟ್ಟಿದಳು. "ನಡಿ, ಕಾರ್ಖಾನೆ ಅಡುಗೆಮನೆಯಲ್ಲಿ ಕೆಲ್ಸಕ್ಕಿದ್ದ ಮಿಗ್ದಾಲಿಯಾಗೆ ಗೊತ್ತಿರತ್ತೆ. ಕೇಳ್ಕೊಂಡು ಬರೋಣ."